ಜಾರ್ಜ್ ಈಸ್ಟ್‌ಮನ್: ಬೆಳಕು ಸೋರದ ಹಾಗೆ ನೋಡಿಕೊಂಡವನು

ಮಂಡ್ಯ ಸೀಮೆಯ ಹಳೇ ಮನೆಗಳ ಅಟ್ಟ ಹುಡುಕಿದರೆ ಏನೇನೋ ಸಿಗುತ್ತೆ. ಹಿತ್ತಾಳೆ ಕೊಳಗ, ತುಕ್ಕು ಹಿಡಿದ ಟ್ರಂಕು, ವಾಲ್ವ್ ರೇಡಿಯೋ, ಯಾವುದೋ ಕಾಲದ ನಾಟಕದ ಕರಪತ್ರ. ನಮ್ಮಜ್ಜಿಯ ತವರು ಮಳವಳ್ಳಿ ಹತ್ತಿರದ ಒಂದು ಹಳ್ಳಿ. ಅಲ್ಲಿನ ಅಟ್ಟದಲ್ಲಿ ನಮಗೆ ಸಿಕ್ಕಿದ್ದು ಒಂದು ಮಡಚೋ ಕ್ಯಾಮೆರಾ. ಮುಚ್ಚಿದ್ದಾಗ ದಪ್ಪನೆಯ ಡೈರಿ ಥರ ಕಾಣುತ್ತೆ. ಗುಂಡಿ ಒತ್ತಿ ಮುಂದಿನ ಬಾಗಿಲನ್ನು ಕೆಳಕ್ಕೆ ಇಳಿಸಿ, ಲೆನ್ಸ್ ಹಿಡಿದು ಪುಟ್ಟ ಹಳಿಯ ಮೇಲೆ ಮುಂದಕ್ಕೆ ಎಳೆದರೆ, ಅದರ ಹಿಂದೆಯೇ ಕಪ್ಪು ಚರ್ಮದ ತಿದಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತೆ. ಹಾರ್ಮೋನಿಯಂಗೆ ಇರುತ್ತಲ್ಲ, ಅಂಥದ್ದೇ ತಿದಿ, ಚಿಕ್ಕದು ಅಷ್ಟೆ.

ಅದರ ಪೂರ್ತಿ ಹೆಸರು ನಂಬರ್ 1 ಆಟೋಗ್ರಾಫಿಕ್ ಕೊಡಾಕ್ ಜೂನಿಯರ್. ಈ ಮಾಡೆಲ್ ಮಾರುಕಟ್ಟೆಗೆ ಬಂದದ್ದು 1914ರಲ್ಲಿ. ನಮ್ಮ ಪುಣ್ಯ, ಅದು ಕೇಳೋ 120 ಫಿಲ್ಮು ಈಗಲೂ ಸಿಗುತ್ತೆ. ಒಂದು ರೋಲ್ ತರಿಸಿ, ಶಿವನಸಮುದ್ರಕ್ಕೆ ಹೋಗಿ ಎಂಟು ಫೋಟೋ ತೆಗೆದೆವು. ಡೆವಲಪ್ ಆಗಿ ಬಂದಾಗ ಎಂಟರಲ್ಲಿ ಆರರ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳೀ ಮಸುಕು. ಗಗನಚುಕ್ಕಿಯ ನೀರು ಯಾವುದು, ತಿದಿಯಿಂದ ಸೋರಿದ ಬೆಳಕು ಯಾವುದು ಅಂತ ಹೇಳೋಕೆ ಆಗದ ಸ್ಥಿತಿ. ಇದನ್ನು ಗುಜರಿಗೆ ಹಾಕಿಬಿಡೋಣ ಅಂತ ಸೋದರಮಾವ ಹೊರಟಿದ್ದರು. ಒಂದು ತಿಂಗಳು ಟೈಮ್ ಕೊಡಿ ಅಂತ ಕೇಳಿ ಕ್ಯಾಮೆರಾನ ಮಂಡ್ಯದ ರೂಮಿಗೆ ತಂದೆ. ಅದನ್ನು ಸರಿ ಮಾಡಿದ್ದು ಹೇಗೆ ಅನ್ನೋದು ಮುಂದೆ ಬರುತ್ತೆ. ಆದರೆ ಈ ಲೇಖನ ಮುಖ್ಯವಾಗಿ ಆ ಕ್ಯಾಮೆರಾದ ಮೇಲೆ ಅಚ್ಚಾಗಿರುವ ಹೆಸರಿನವನ ಬಗ್ಗೆ. ಈಸ್ಟ್‌ಮನ್ ಕೊಡಾಕ್ ಕಂಪನಿ, ರಾಚೆಸ್ಟರ್, ನ್ಯೂಯಾರ್ಕ್. ಕೊಡಾಕ್ ಅನ್ನೋ ಹೆಸರು ನಮ್ಮ ಅಪ್ಪ ಅಮ್ಮನ ಕಾಲದವರಿಗೆಲ್ಲ ಗೊತ್ತು. ಈಸ್ಟ್‌ಮನ್ ಯಾರು ಅಂತ ಕೇಳಿದರೆ ನಮ್ಮ ಹಳೇ ಸಿನಿಮಾ ಪೋಸ್ಟರುಗಳ ಈಸ್ಟ್‌ಮನ್ ಕಲರ್ ನೆನಪಾಗಬಹುದು, ಮನುಷ್ಯ ನೆನಪಾಗೋದಿಲ್ಲ.

ಜಾರ್ಜ್ ಈಸ್ಟ್‌ಮನ್ ಹುಟ್ಟಿದ್ದು 1854ರ ಜುಲೈ 12ರಂದು, ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಅನ್ನೋ ಊರಲ್ಲಿ. ಅಪ್ಪ ರಾಚೆಸ್ಟರ್ ನಗರದಲ್ಲಿ ಲೆಕ್ಕಪತ್ರ, ವ್ಯಾಪಾರ ಕಲಿಸೋ ಶಾಲೆ ನಡೆಸುತ್ತಿದ್ದರು. 1862ರಲ್ಲಿ ಅವರು ತೀರಿಕೊಂಡರು. ಶಾಲೆಯೂ ಮುಳುಗಿತು. ಅಮ್ಮ ಮರಿಯಾ ಮನೆಯಲ್ಲಿ ಬಾಡಿಗೆಗೆ ಜನರನ್ನು ಇಟ್ಟುಕೊಂಡು, ಅವರಿಗೆ ಅಡುಗೆ ಮಾಡಿ ಹಾಕಿ ಸಂಸಾರ ತೂಗಿಸಿದರು. ಇಬ್ಬರು ಅಕ್ಕಂದಿರು. ಅವರಲ್ಲಿ ಒಬ್ಬಳಿಗೆ ಪೋಲಿಯೋ. ಗಾಲಿಕುರ್ಚಿಯಲ್ಲೇ ಬದುಕಿದ ಆಕೆ 1870ರಲ್ಲಿ ಹೋಗಿಬಿಟ್ಟಳು. ಹುಡುಗ 1868ರಲ್ಲೇ ಶಾಲೆ ಬಿಟ್ಟು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದ. ವಾರಕ್ಕೆ 3 ಡಾಲರ್. ರಾತ್ರಿ ಹೊತ್ತು ಲೆಕ್ಕ ಬರೆಯೋದು ಕಲಿತು 1874ರಲ್ಲಿ ರಾಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನ ಗುಮಾಸ್ತನಾದ. ಬಡತನ ಕಂಡ ಮನೆಗಳ ಮಕ್ಕಳ ಹಾಗೆ ಒಂದೊಂದು ಸೆಂಟಿನ ಖರ್ಚನ್ನೂ ಬರೆದಿಡುವ ಅಭ್ಯಾಸ ಅವನಿಗಿತ್ತು. ಇಂಜಿನಿಯರಿಂಗ್ ಇರಲಿ, ಹೈಸ್ಕೂಲು ಕೂಡ ಮುಗಿಸಿದವನಲ್ಲ.

1877ರಲ್ಲಿ ರಜಾ ಹಾಕಿ ಕೆರಿಬಿಯನ್ ದ್ವೀಪದ ಸಾಂಟೋ ಡೊಮಿಂಗೋಗೆ ಹೋಗಬೇಕು ಅನ್ನೋ ಯೋಚನೆ ಬಂತು. ಹೋಗೋದಾದರೆ ಫೋಟೋ ತೆಕ್ಕೊಂಡು ಬಾ ಅಂತ ಜೊತೆಗೆ ಕೆಲಸ ಮಾಡುವವನೊಬ್ಬ ಸಲಹೆ ಕೊಟ್ಟ. ಈಸ್ಟ್‌ಮನ್ ಕ್ಯಾಮೆರಾ ಸಾಮಾನು ಕೊಂಡ. ಪ್ರವಾಸಕ್ಕೆ ಕೊನೆಗೂ ಹೋಗಲಿಲ್ಲ, ಆದರೆ ಹುಚ್ಚು ಹತ್ತಿಕೊಂಡಿತ್ತು.

ಆ ಕಾಲದ ಫೋಟೋಗ್ರಫಿ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಗಾಜಿನ ತಟ್ಟೆಗೆ ಕೊಲೋಡಿಯನ್ ಅನ್ನೋ ಅಂಟು ದ್ರವ ಬಳಿದು, ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ ಫೋಟೋ ತೆಗೆದು, ಒಣಗೋ ಮೊದಲೇ ಡೆವಲಪ್ ಮಾಡಬೇಕು. ಅಂದರೆ ಹೋದ ಕಡೆಗೆಲ್ಲ ಕತ್ತಲೆಕೋಣೆಯನ್ನೇ ಹೊತ್ತುಕೊಂಡು ಹೋಗಬೇಕು. ಡೇರೆ, ಗಾಜಿನ ತಟ್ಟೆಗಳು, ರಾಸಾಯನಿಕದ ಸೀಸೆಗಳು, ನೀರಿನ ಹೂಜಿ, ಮೂರು ಕಾಲಿನ ದಪ್ಪ ಸ್ಟ್ಯಾಂಡು. ಈಸ್ಟ್‌ಮನ್ ಮೊದಲ ಸಲ ಸಿಲ್ವರ್ ನೈಟ್ರೇಟನ್ನು ಊರಿಂದಾಚೆ ತಗೊಂಡು ಹೋದಾಗ ಬಹಳ ಜೋಪಾನವಾಗಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಮುಚ್ಚಳ ಸೋರಿ ಬಟ್ಟೆಗಳೆಲ್ಲ ಕಲೆಯಾದವು. ಸಿಲ್ವರ್ ನೈಟ್ರೇಟ್ ಕಲೆ ಹೇಗಿರುತ್ತೆ ಅಂತ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೈ ಸುಟ್ಟುಕೊಂಡವರಿಗೆ ಗೊತ್ತು, ಬೆಳಕು ತಾಕಿದಷ್ಟೂ ಕಪ್ಪಾಗುತ್ತೆ. ಇಷ್ಟೊಂದು ಹೊರೆ ಯಾಕೆ ಬೇಕು ಅನ್ನೋ ಸಿಟ್ಟಿನಿಂದಲೇ ಅವನ ಉಳಿದ ಜೀವನ ಶುರುವಾಯಿತು ಅಂತ ನನಗನ್ನಿಸುತ್ತೆ.

ಇಂಗ್ಲೆಂಡಿನಲ್ಲಿ ಕೆಲವರು ಜೆಲಟಿನ್ ಬಳಸಿ ಒಣ ತಟ್ಟೆ ಮಾಡುತ್ತಿದ್ದಾರೆ ಅಂತ ಒಂದು ಪತ್ರಿಕೆಯಲ್ಲಿ ಓದಿದ. ಹಗಲು ಬ್ಯಾಂಕು, ರಾತ್ರಿ ಅಮ್ಮನ ಅಡುಗೆಮನೆಯ ಒಲೆ ಮೇಲೆ ಜೆಲಟಿನ್ ಕುದಿಸೋದು. ಎಷ್ಟೋ ರಾತ್ರಿ ಬಟ್ಟೆ ಕೂಡ ಬದಲಾಯಿಸದೆ ಒಲೆ ಪಕ್ಕದಲ್ಲೇ ಮಲಗಿಬಿಡುತ್ತಿದ್ದ. ತಟ್ಟೆಗಳಿಗೆ ಕೈಯಲ್ಲಿ ಲೇಪ ಹಾಕಿದರೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತೆ ಅಂತ ಅದಕ್ಕೆ ಯಂತ್ರವನ್ನೇ ಮಾಡಿ 1879ರಲ್ಲಿ ಇಂಗ್ಲೆಂಡಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪೇಟೆಂಟ್ ಪಡೆದ. 1881ರ ಜನವರಿಯಲ್ಲಿ ಹೆನ್ರಿ ಸ್ಟ್ರಾಂಗ್ ಎಂಬುವರ ದುಡ್ಡಿನ ಬೆಂಬಲದಲ್ಲಿ ಈಸ್ಟ್‌ಮನ್ ಡ್ರೈ ಪ್ಲೇಟ್ ಕಂಪನಿ ಶುರುವಾಯಿತು. ಸ್ಟ್ರಾಂಗ್ ಅವರದು ಕುದುರೆಗಾಡಿಯ ಚಾವಟಿ ಮಾಡೋ ಕಾರ್ಖಾನೆ! ಒಂದಷ್ಟು ತಿಂಗಳು ಬ್ಯಾಂಕು, ಕಂಪನಿ ಎರಡನ್ನೂ ನಡೆಸಿದ. ಬ್ಯಾಂಕಿನಲ್ಲಿ ತನಗೆ ಸಿಗಬೇಕಾಗಿದ್ದ ಬಡ್ತಿ ಬೇರೆಯವರ ಪಾಲಾದಾಗ ರಾಜೀನಾಮೆ ಕೊಟ್ಟು ಹೊರಬಂದ.

ಮುಂದಿನದು 1882. ಅವನ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವರ್ಷ ಇದೇ, ಅವನಿಗೆ ಅತ್ಯಂತ ಕೆಟ್ಟ ವರ್ಷವಾಗಿದ್ದರೂ.

ಕಂಪನಿಗೆ ವರ್ಷ ತುಂಬಿತ್ತು, ವ್ಯಾಪಾರ ಚೆನ್ನಾಗೇ ನಡೀತಿತ್ತು. ಇದ್ದಕ್ಕಿದ್ದ ಹಾಗೆ ದೂರುಗಳು ಬರೋಕೆ ಶುರುವಾದವು. ತಟ್ಟೆ ಕೆಲಸ ಮಾಡ್ತಿಲ್ಲ, ಚಿತ್ರ ಮೂಡ್ತಿಲ್ಲ. ಈಸ್ಟ್‌ಮನ್ ಅಂಗಡಿಗಳಲ್ಲಿದ್ದ ತಟ್ಟೆಗಳನ್ನೆಲ್ಲ ವಾಪಸ್ ತರಿಸಿದ. ಕೊಂಡವರಿಗೆ ಬದಲಿ ಕೊಡ್ತೀವಿ ಅಂದ. ಆಗಿನ್ನೂ ಚಿಕ್ಕ ಕಂಪನಿ ಅದು, ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು. ಇನ್ನೂ ದೊಡ್ಡ ಕಷ್ಟ ಅಂದರೆ ಬದಲಿ ಕೊಡೋಕೆ ಹೊಸ ತಟ್ಟೆ ಮಾಡಿದರೆ ಅವೂ ಕೆಡುತ್ತಿದ್ದವು. ಅದೇ ಸೂತ್ರ, ಅದೇ ಯಂತ್ರ, ಅದೇ ಕೈ, ಆದರೂ ತಟ್ಟೆ ಸತ್ತ ಹಾಗೆ. ಕಾರ್ಖಾನೆ ನಿಲ್ಲಿಸಿ ನೂರಾರು ಪ್ರಯೋಗ ಮಾಡಿದ. ಪ್ರತಿಯೊಂದನ್ನೂ ಬರೆದಿಟ್ಟ, ಪ್ರತಿಯೊಂದೂ ವಿಫಲ. ಕೊನೆಗೆ ಸ್ಟ್ರಾಂಗ್ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ನ್ಯೂಕ್ಯಾಸಲ್‌ನಲ್ಲಿ ಮಾಸನ್ ಅಂಡ್ ಸ್ವಾನ್ ಅನ್ನೋ ಹೆಸರಾಂತ ತಟ್ಟೆ ಕಾರ್ಖಾನೆ ಇತ್ತು. ಅಲ್ಲಿ ದುಡ್ಡು ಕೊಟ್ಟು ಅವರ ವಿಧಾನ ಕಲಿತ, ಜೆಲಟಿನ್ ತಂದ. ವಾಪಸ್ ಬಂದು ಮಾಡಿದ ತಟ್ಟೆಗಳು ಸರಿಹೋದವು. ತಪ್ಪು ಇದ್ದದ್ದು ಸೂತ್ರದಲ್ಲೂ ಅಲ್ಲ, ಯಂತ್ರದಲ್ಲೂ ಅಲ್ಲ. ಹೊಸದಾಗಿ ಬಂದ ಜೆಲಟಿನ್ ಬೇರೆ ಥರದ್ದಾಗಿತ್ತು.

ನೋಡಿ, ಎಲ್ಲಿ ದೋಷ ಅಂತ ಗೊತ್ತಾಯಿತು. ಯಾಕೆ ದೋಷ ಅಂತ ಗೊತ್ತಾಗಲಿಲ್ಲ. ನೋಡೋಕೆ ಒಂದೇ ಥರ ಇರೋ ಎರಡು ಜೆಲಟಿನ್‌ನಲ್ಲಿ ಒಂದು ಬೆಳಕಿಗೆ ಸ್ಪಂದಿಸುತ್ತೆ, ಇನ್ನೊಂದು ಸ್ಪಂದಿಸಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ನಲವತ್ತಮೂರು ವರ್ಷದ ಮೇಲೆ. ಅದನ್ನು ಆ ವರ್ಷಕ್ಕೆ ಬಂದಾಗ ಹೇಳುತ್ತೇನೆ. ಅಲ್ಲಿಯವರೆಗೆ ಅವನು ಮಾಡಿದ್ದು ಇಷ್ಟೆ: ಯಾವ ಕಚ್ಚಾವಸ್ತು ಬಂದರೂ ಪರೀಕ್ಷೆ ಮಾಡದೆ ಕಡಾಯಿಗೆ ಹಾಕಬಾರದು ಅಂತ ಕಟ್ಟುನಿಟ್ಟು ಮಾಡಿದ.

ತಟ್ಟೆಯಿಂದ ಫಿಲ್ಮಿಗೆ ಬಂದದ್ದು ಬೇಗ ಹೇಳಿ ಮುಗಿಸಬಹುದು. ಗಾಜು ಭಾರ, ಒಡೆಯುತ್ತೆ. ಅದರ ಬದಲು ಕಾಗದಕ್ಕೆ ಲೇಪ ಹಾಕಿ ಸುರುಳಿ ಸುತ್ತಿದರು. ವಿಲಿಯಂ ವಾಕರ್ ಜೊತೆ ಸೇರಿ ಆ ಸುರುಳಿಯನ್ನು ಹಿಡಿಯೋ ರೋಲ್ ಹೋಲ್ಡರ್ ಮಾಡಿದ. ವೃತ್ತಿಪರ ಫೋಟೋಗ್ರಾಫರುಗಳು ಅದನ್ನು ಅಷ್ಟಾಗಿ ಮುಟ್ಟಲಿಲ್ಲ, ಅವರಿಗೆ ಗಾಜಿನ ಸ್ಪಷ್ಟತೆಯೇ ಬೇಕು. ಹಾಗಾದರೆ ಫೋಟೋಗ್ರಾಫರ್ ಅಲ್ಲದವರಿಗೇ ಮಾರೋಣ ಅಂತ ಈಸ್ಟ್‌ಮನ್ ತೀರ್ಮಾನಿಸಿದ. 1888ರಲ್ಲಿ ಬಂದದ್ದು ಮೊದಲ ಕೊಡಾಕ್. ಬೆಲೆ 25 ಡಾಲರ್. ಒಳಗೆ 100 ಚಿತ್ರಕ್ಕಾಗುವಷ್ಟು ಸುರುಳಿ. ಚಿತ್ರಗಳು ದುಂಡಗೆ, ಎರಡೂವರೆ ಇಂಚು ಅಡ್ಡಳತೆ. ನೂರೂ ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಪಾರ್ಸೆಲ್ ಮಾಡಬೇಕು. 10 ಡಾಲರ್ ಕೊಟ್ಟರೆ ಅವರೇ ತೊಳೆದು, ಪ್ರಿಂಟ್ ಹಾಕಿ, ಹೊಸ ಸುರುಳಿ ತುಂಬಿ ಕಳಿಸುತ್ತಾರೆ. ಕೊಡಾಕ್ ಅನ್ನೋ ಪದಕ್ಕೆ ಯಾವ ಭಾಷೆಯಲ್ಲೂ ಅರ್ಥವಿಲ್ಲ. ಕೆ ಅಕ್ಷರ ಅವನಿಗೆ ಇಷ್ಟ, ಅಮ್ಮನ ತವರಿನ ಹೆಸರು ಕಿಲ್‌ಬೋರ್ನ್ ಕೂಡ ಅದೇ ಅಕ್ಷರದ್ದು. ಮರುವರ್ಷ ಕಾಗದ ಹೋಗಿ ಪಾರದರ್ಶಕ ಸೆಲ್ಯುಲಾಯ್ಡ್ ಫಿಲ್ಮ್ ಬಂತು. ಅದನ್ನು ಮಾಡಿದ್ದು ಅವನ ಕಂಪನಿಯ ಯುವ ರಸಾಯನಶಾಸ್ತ್ರಜ್ಞ ಹೆನ್ರಿ ರೈಕನ್‌ಬ್ಯಾಕ್. ಎಡಿಸನ್ ಕಡೆಯವರು ಸಿನಿಮಾ ಪ್ರಯೋಗಕ್ಕೆ ಬಳಸಿದ್ದು ಇದನ್ನೇ.

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಬೇಕು, ಬರೀ ಹೊಗಳಿಕೆ ಆಗಬಾರದಲ್ವಾ. ನೆವಾರ್ಕ್ ಊರಿನ ಹ್ಯಾನಿಬಲ್ ಗುಡ್‌ವಿನ್ ಅನ್ನೋ ಪಾದ್ರಿ ಇಂಥದ್ದೇ ಫಿಲ್ಮಿಗೆ 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅದು ಮಂಜೂರಾಗಿದ್ದು 1898ರಲ್ಲಿ, ಹನ್ನೊಂದು ವರ್ಷದ ಮೇಲೆ. ಎರಡೇ ವರ್ಷಕ್ಕೆ ಅವರು ತೀರಿಕೊಂಡರು. ಪೇಟೆಂಟ್ ಕೊಂಡ ಕಂಪನಿ ಈಸ್ಟ್‌ಮನ್ ಮೇಲೆ ಕೇಸು ಹಾಕಿ ಗೆದ್ದಿತು. 1914ರಲ್ಲಿ ಈಸ್ಟ್‌ಮನ್ 50 ಲಕ್ಷ ಡಾಲರ್ ಕಟ್ಟಬೇಕಾಯಿತು. ಕೆಟ್ಟ ತಟ್ಟೆ ಕೊಂಡ ಗಿರಾಕಿಗೆ ಕೇಳದೆಯೇ ಬದಲಿ ಕೊಟ್ಟ ಮನುಷ್ಯ, ಎದುರಾಳಿಯ ಹಕ್ಕಿನ ವಿಷಯದಲ್ಲಿ ಕೋರ್ಟು ಹೇಳುವ ತನಕ ಬಗ್ಗಲಿಲ್ಲ. ಪೈಪೋಟಿಯ ಕಂಪನಿಗಳನ್ನು ಒಂದೊಂದಾಗಿ ಕೊಂಡು ನುಂಗಿದ್ದೂ ಹೌದು. 1915ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಕೊಡಾಕ್ ಏಕಸ್ವಾಮ್ಯ ನಡೆಸುತ್ತಿದೆ ಅಂತ ತೀರ್ಪು ಕೊಟ್ಟಿತು.

ಈಗ ತಿದಿ ವಿಷಯಕ್ಕೆ ಬರೋಣ. 1888ರ ಕೊಡಾಕ್ ಗಟ್ಟಿ ಮರದ ಡಬ್ಬ, ತಿದಿ ಇರಲಿಲ್ಲ. ಡಬ್ಬ ಬೆಳಕು ಸೋರೋದಿಲ್ಲ, ಆದರೆ ಜೇಬಿಗೆ ಹೋಗೋದಿಲ್ಲ. ದೊಡ್ಡ ನೆಗೆಟಿವ್ ಬೇಕು ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಅಂತರ ಬೇಕು. ಆ ಅಂತರ ಫೋಟೋ ತೆಗೆಯುವಾಗ ಇರಬೇಕು, ಜೇಬಿಗೆ ಹಾಕುವಾಗ ಮಾಯವಾಗಬೇಕು. ಸ್ಟುಡಿಯೋಗಳ ದೊಡ್ಡ ಕ್ಯಾಮೆರಾಗಳಿಗೆ ತಿದಿ ಮೊದಲೇ ಇತ್ತು. ಈಸ್ಟ್‌ಮನ್ ಕಂಪನಿ ಅದನ್ನು ಚಿಕ್ಕದು ಮಾಡಿ ರೋಲ್ ಫಿಲ್ಮಿಗೆ ಜೋಡಿಸಿತು. 1898ರ ಹೊತ್ತಿಗೆ ಬಂದ ಫೋಲ್ಡಿಂಗ್ ಪಾಕೆಟ್ ಕೊಡಾಕ್ ಎರಡೂಕಾಲು ಇಂಚಿಗೆ ಮೂರೂಕಾಲು ಇಂಚಿನ ನೆಗೆಟಿವ್ ಕೊಡುತ್ತಿತ್ತು. ಮುಂದೆ ದಶಕಗಳ ಕಾಲ ಅದೇ ಅಳತೆ ರೂಢಿಯಾಯಿತು. ಆ ಮೊದಮೊದಲ ಫೋಲ್ಡಿಂಗ್ ಕ್ಯಾಮೆರಾಗಳ ತಿದಿ ಕಪ್ಪಲ್ಲ, ಚೆಂದದ ಕೆಂಪು ಚರ್ಮ.

ಆದರೆ ತಿದಿ ಅಂದರೆ ಒಂದು ರಾಜಿ. ಒಳಗೆ ತೆಳು ಕಪ್ಪು ಬಟ್ಟೆ, ಹೊರಗೆ ತೆಳುವಾಗಿ ಕೆರೆದ ಚರ್ಮ, ಮಧ್ಯೆ ಮಡಿಕೆ ನೆಟ್ಟಗೆ ನಿಲ್ಲಲಿ ಅಂತ ರಟ್ಟಿನ ಪಟ್ಟಿಗಳು. ಪ್ರತಿ ಸಲ ತೆಗೆದು ಮುಚ್ಚಿದಾಗಲೂ ಮೂಲೆಗಳಲ್ಲಿ ಚರ್ಮ ಎರಡು ದಿಕ್ಕಿಗೆ ಮಡಚಿಕೊಳ್ಳುತ್ತೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ತುಂಡಾಗುತ್ತಲ್ಲ, ಅದೇ ಫೆಟೀಗ್. ನೂರು ವರ್ಷಕ್ಕೆ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತೆ. ಅಷ್ಟು ಚಿಕ್ಕ ತೂತಿಂದ ಏನಾಗುತ್ತೆ ಅಂತೀರಾ? ಲೆಕ್ಕ ಹಾಕಿ. ಶಟರ್ ತೆರೆಯೋದು ಸೆಕೆಂಡಿನ ಐವತ್ತನೇ ಒಂದು ಭಾಗ. ಕ್ಯಾಮೆರಾ ಬಿಚ್ಚಿಟ್ಟುಕೊಂಡು ಬಿಸಿಲಲ್ಲಿ ಐದು ನಿಮಿಷ ಓಡಾಡಿದರೆ ತೂತು ತೆರೆದಿರೋದು ಅದರ 15,000 ಪಟ್ಟು ಹೊತ್ತು.

ದುರಸ್ತಿ ಮಾಡೋ ಮೊದಲು ಸೋರಿಕೆ ತಿದಿಯದೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಈ ಕ್ಯಾಮೆರಾದ ಬೆನ್ನಲ್ಲಿ ಫಿಲ್ಮ್ ನಂಬರ್ ನೋಡೋಕೆ ಒಂದು ಕೆಂಪು ಕಿಟಕಿ ಇದೆ. ಅದರಿಂದ ಬೆಳಕು ನುಗ್ಗಿದರೆ ದುಂಡನೆಯ ಕಲೆ ಬೀಳುತ್ತೆ. ಹಿಂದಿನ ಬಾಗಿಲ ಅಂಚಿನಿಂದ ಸೋರಿದರೆ ಮಸುಕು ಫಿಲ್ಮಿನ ಅಂಚಿನವರೆಗೂ ಹರಡಿರುತ್ತೆ. ತಿದಿಯಿಂದ ಬಂದದ್ದು ಚಿತ್ರದ ಚೌಕಟ್ಟಿನ ಒಳಗೇ ನಿಲ್ಲುತ್ತೆ, ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತೆ. ನಮ್ಮದು ಮೂರನೆಯದು.

ರಾತ್ರಿ ರೂಮಿನ ದೀಪ ಆರಿಸಿ, ಕ್ಯಾಮೆರಾ ಬೆನ್ನು ತೆಗೆದು, ಪುಟ್ಟ ಎಲ್‌ಇಡಿ ಟಾರ್ಚನ್ನು ತಿದಿಯೊಳಗೆ ಇಳಿಸಿ ನೋಡಿದೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಐದು ನಿಮಿಷ ಬೇಕು. ಆಮೇಲೆ ಒಂದೊಂದೇ ಚುಕ್ಕಿ ಕಾಣಿಸಿತು, ದೀಪಾವಳಿ ಥರ. ಒಟ್ಟು ಹನ್ನೊಂದು, ಎಲ್ಲವೂ ಮೂಲೆಗಳಲ್ಲಿ. ಪ್ರತಿಯೊಂದರ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಟಾರ್ಚನ್ನು ಬೇರೆ ಬೇರೆ ಕಡೆಗೆ ವಾಲಿಸಿ ನೋಡಬೇಕು, ಕೆಲವು ತೂತು ಒಂದು ಕೋನದಿಂದ ಮಾತ್ರ ಕಾಣುತ್ತವೆ.

ಮುಚ್ಚೋದು ಹೇಗೆ ಅಂತ ಹೇಳಿಕೊಟ್ಟಿದ್ದು ಮದ್ದೂರಿನ ಕಡೆಯ ಒಬ್ಬ ಡ್ರಾಮಾ ಮೇಷ್ಟ್ರು. ನಮ್ಮ ಕಡೆ ಹಬ್ಬ ಜಾತ್ರೆ ಬಂದರೆ ಊರೂರಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರೆ. ಪಾತ್ರ ಕಲಿಸೋದು, ಹಾಡು ಕಲಿಸೋದು, ಹಾರ್ಮೋನಿಯಂ ನುಡಿಸೋದು ಎಲ್ಲ ಮೇಷ್ಟ್ರದೇ. ಪೆಟ್ಟಿಗೆಯ ತಿದಿ ಹರಿದರೆ ರಿಪೇರಿಯೂ ಅವರದೇ. ಅವರು ಕ್ಯಾಮೆರಾನ ಒಂದೆರಡು ಸಲ ಬಿಚ್ಚಿ ಮುಚ್ಚಿ ನೋಡಿ, ಇದರಲ್ಲಿ ಗಾಳಿ ಬದಲು ಬೆಳಕು ಹೋಗುತ್ತೆ, ಅಷ್ಟೇ ವ್ಯತ್ಯಾಸ ಅಂತ ನಕ್ಕರು. ಇನ್ಸುಲೇಷನ್ ಟೇಪ್ ಹತ್ತಿರವೂ ತರಬೇಡ ಅಂದರು. ದಪ್ಪ ಆದರೆ ತಿದಿ ಮಡಚಿಕೊಳ್ಳಲ್ಲ, ಬಲವಂತ ಮಾಡಿದರೆ ಪಕ್ಕದಲ್ಲಿ ಇನ್ನೊಂದು ತೂತು. ಬಿಸಿಲಿಗೆ ಟೇಪಿನ ಅಂಟು ಕರಗಿ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತಿದಿಯನ್ನು ಪೂರ್ತಿ ಎಳೆದಿಟ್ಟು ಅಂಟಿಸಬೇಕು, ಪೂರ್ತಿ ಒಣಗೋ ತನಕ ಮಡಚಬಾರದು. ಹಳೇ ಹಾರ್ಮೋನಿಯಂನ ಮೂಲೆಯಿಂದ ತೆಗೆದ ತೆಳು ಮೇಕೆ ಚರ್ಮದ ಚೂರುಗಳನ್ನೂ ಕೊಟ್ಟರು.

ಒಂಬತ್ತು ತೂತು ಬರೀ ಚುಕ್ಕಿಗಳು. ಅವಕ್ಕೆ ಬಟ್ಟೆಗೆ ಬಳಿಯುವ ಕಪ್ಪು ಫ್ಯಾಬ್ರಿಕ್ ಬಣ್ಣ ಸಾಕಾಯಿತು. ಒಣಗಿದ ಮೇಲೂ ಬಗ್ಗುತ್ತೆ, ಅದೇ ಅದರ ಗುಣ. ಸಣ್ಣ ಬ್ರಷ್ಷಿನಲ್ಲಿ ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು, ಹಾಗೆ ಮೂರು ಸಲ. ಎರಡು ಕಡೆ ಚರ್ಮವೇ ಸೀಳಿತ್ತು. ಅಲ್ಲಿಗೆ ಮೇಷ್ಟ್ರು ಕೊಟ್ಟ ಚರ್ಮವನ್ನು ಉಗುರಿನಷ್ಟು ಕತ್ತರಿಸಿ, ಅಂಚನ್ನು ಬ್ಲೇಡಿನಲ್ಲಿ ಕೆರೆದು ತೆಳು ಮಾಡಿ, ಬಗ್ಗುವ ಅಂಟಿನಲ್ಲಿ ಕೂರಿಸಿದೆವು. ಎರಡು ದಿನ ಬಿಚ್ಚಿದ ಹಾಗೆಯೇ ಒಣಗಿಸಿ, ಮಡಿಕೆಗಳು ಅಂಟದಿರಲಿ ಅಂತ ಬೆರಳ ತುದಿಯಲ್ಲಿ ಚೂರು ಪೌಡರ್ ಸವರಿ ಮತ್ತೆ ಟಾರ್ಚ್ ಬಿಟ್ಟು ನೋಡಿದರೆ ಪೂರಾ ಕತ್ತಲೆ. ಒಳಗೆ ಪೌಡರ್ ಹೋಗಬಾರದು, ಲೆನ್ಸಿಗೂ ಫಿಲ್ಮಿಗೂ ಕೂರುತ್ತೆ. ಎರಡನೇ ರೋಲಿನಲ್ಲಿ ಒಂದು ಫ್ರೇಮಿಗೆ ಶಟರ್ ಮುಚ್ಚಿಕೊಂಡೇ ಹತ್ತು ನಿಮಿಷ ಬಿಸಿಲಲ್ಲಿ ಇಟ್ಟೆವು. ಆ ಫ್ರೇಮ್ ಖಾಲಿ ಬಂತು. ಉಳಿದ ಏಳೂ ಶುಭ್ರ. ಮಾವ ಈಗ ಗುಜರಿ ಮಾತು ಎತ್ತಲ್ಲ. ಮಾತ್ರವಲ್ಲ, ಅದು ತನ್ನ ಕ್ಯಾಮೆರಾ ಅಂತ ಹೇಳಿಕೊಳ್ಳುತ್ತಾರೆ.

ಶಿವನಸಮುದ್ರ ಅಂದೆನಲ್ಲ, ಅದಕ್ಕೊಂದು ಪಕ್ಕದ ಕತೆ ಇದೆ. ಮಳವಳ್ಳಿ ತಾಲ್ಲೂಕಿನ ವಿಷಯ, ಬಿಡೋಕಾಗಲ್ಲ. ರಾಚೆಸ್ಟರಿನಲ್ಲಿ ಫೋಲ್ಡಿಂಗ್ ಕ್ಯಾಮೆರಾಗಳು ತಯಾರಾಗುತ್ತಿದ್ದ ಕಾಲದಲ್ಲೇ, ಅದೇ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಯಂತ್ರಗಳು ಬಂದವು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು. ಆ ಯೋಜನೆಯ ಹಿಂದಿದ್ದ ಇಂಜಿನಿಯರ್ ಎ. ಜೆ. ಡಿ ಲೋಟ್‌ಬಿನಿಯೇರ್. ಅವರ ತಾತ ಪಿಯರ್ ಗುಸ್ತಾವ್ ಜೋಲಿ ಡಿ ಲೋಟ್‌ಬಿನಿಯೇರ್ ಯಾರು ಗೊತ್ತಾ? ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದ 1839ರಲ್ಲೇ ಕ್ಯಾಮೆರಾ ಹೊತ್ತು ಅಥೆನ್ಸಿಗೆ ಹೋಗಿ, ಅಕ್ರೊಪೊಲಿಸ್‌ನ ಮೊದಲ ಫೋಟೋ ತೆಗೆದವರು. ಅವರ ಮೊಮ್ಮಗ ನಮ್ಮ ಕಾವೇರಿಗೆ ಬಂದು ಕರೆಂಟ್ ತೆಗೆದ!

ಸರಿ, ರಾಚೆಸ್ಟರಿಗೆ ವಾಪಸ್. 1900ರಲ್ಲಿ ಬ್ರೌನಿ ಬಂತು. ರಟ್ಟಿನ ಡಬ್ಬ, ಬೆಲೆ 1 ಡಾಲರ್, ಫಿಲ್ಮಿಗೆ 15 ಸೆಂಟು. ಮಕ್ಕಳೂ ಫೋಟೋ ತೆಗೆಯುವ ಹಾಗಾಯಿತು. 1912ರಲ್ಲಿ ಬಂದ ವೆಸ್ಟ್ ಪಾಕೆಟ್ ಕೊಡಾಕ್ ಇನ್ನೂ ಚಿಕ್ಕ ಮಡಚೋ ಕ್ಯಾಮೆರಾ, ಮೊದಲ ಮಹಾಯುದ್ಧದ ಸಿಪಾಯಿಗಳ ಜೇಬಿನಲ್ಲಿ ಇರುತ್ತಿದ್ದದ್ದು ಅದು. 1924ರಲ್ಲಿ ಎವರೆಸ್ಟ್ ಹತ್ತಲು ಹೋಗಿ ಮರೆಯಾದ ಮ್ಯಾಲರಿ ಮತ್ತು ಅರ್ವಿನ್ ಬಳಿ ಇತ್ತು ಅನ್ನೋ ಕ್ಯಾಮೆರಾವೂ ಅದೇ. ಇನ್ನು ನಮ್ಮ ಕ್ಯಾಮೆರಾದ ಹೆಸರಲ್ಲಿರೋ ಆಟೋಗ್ರಾಫಿಕ್ ಅಂದರೆ, ಬೆನ್ನಲ್ಲಿ ಒಂದು ಪುಟ್ಟ ಬಾಗಿಲು, ಒಂದು ಲೋಹದ ಕಡ್ಡಿ. ಬಾಗಿಲು ತೆರೆದು ಕಡ್ಡಿಯಲ್ಲಿ ದಿನಾಂಕ, ಊರು ಬರೆದರೆ ಅದು ಫಿಲ್ಮಿನ ಅಂಚಿನಲ್ಲೇ ಮೂಡುತ್ತೆ. ಅಂದರೆ ಬೇಕು ಅಂತಲೇ ಅಳತೆಗೆ ತಕ್ಕಷ್ಟು ಬೆಳಕು ಸೋರಿಸೋ ಉಪಾಯ! ಇದನ್ನು ಕಂಡುಹಿಡಿದ ಹೆನ್ರಿ ಗೈಸ್‌ಮನ್‌ಗೆ ಈಸ್ಟ್‌ಮನ್ 3 ಲಕ್ಷ ಡಾಲರ್ ಕೊಟ್ಟ.

1912ರಲ್ಲಿ ಇನ್ನೂ ಎರಡು ಕೆಲಸ ಆದವು. ಕಂಪನಿಯ ಲಾಭದಲ್ಲಿ ಕೆಲಸಗಾರರಿಗೆ ಪಾಲು ಕೊಡೋದು ಶುರುವಾಯಿತು. ಮತ್ತೆ, ಇಂಗ್ಲೆಂಡಿನಿಂದ ಕೆನೆತ್ ಮೀಸ್ ಅನ್ನೋ ವಿಜ್ಞಾನಿಯನ್ನು ಕರೆಸಿ ಸಂಶೋಧನಾ ಪ್ರಯೋಗಾಲಯ ತೆರೆದ. ಮೀಸ್ ಬೇಕು ಅಂತ ಅವರಿದ್ದ ಕಂಪನಿಯನ್ನೇ ಕೊಂಡುಕೊಂಡ. 1882ರ ಒಗಟು ಬಿಚ್ಚಿದ್ದು ಈ ಪ್ರಯೋಗಾಲಯದಲ್ಲೇ. 1925ರಲ್ಲಿ ಸ್ಯಾಮುಯಲ್ ಶೆಪರ್ಡ್ ಕಂಡುಕೊಂಡದ್ದು ಇದು: ಜೆಲಟಿನ್ ಮಾಡೋದು ದನಗಳ ಚರ್ಮ, ಮೂಳೆಯಿಂದ. ದನ ಮೇಯುವಾಗ ಸಾಸಿವೆ ಜಾತಿಯ ಗಿಡ ತಿಂದಿದ್ದರೆ ಅದರ ಗಂಧಕದ ಸಂಯುಕ್ತ ಲೇಶಮಾತ್ರ ಜೆಲಟಿನ್‌ನಲ್ಲಿ ಉಳಿಯುತ್ತೆ. ಬೆಳ್ಳಿಯ ಲವಣದ ಕಣಗಳು ಬೆಳಕಿಗೆ ಚುರುಕಾಗೋದು ಆ ಲೇಶದಿಂದ. ಸಾಸಿವೆ ತಿನ್ನದ ದನದ ಜೆಲಟಿನ್ ಮಂಕು. ಒಗ್ಗರಣೆ ಡಬ್ಬಿಯಲ್ಲಿರೋ ಸಾಸಿವೆ ಒಂದು ಕಂಪನಿಯನ್ನು ಮುಳುಗಿಸೋಕೆ ಹೊರಟಿತ್ತು ಅಂದರೆ ನಂಬೋದು ಕಷ್ಟ. ಆಮೇಲೆ ಆ ಗಂಧಕವನ್ನು ಅಳೆದು ಸೇರಿಸುವ ಹಾಗಾಯಿತು. ಆಗ ಈಸ್ಟ್‌ಮನ್ ಎಪ್ಪತ್ತು ದಾಟಿದ ಮುದುಕ. ತನ್ನ ತಟ್ಟೆಗಳು ಯಾಕೆ ಸತ್ತವು ಅಂತ ಬದುಕಿರುವಾಗಲೇ ಗೊತ್ತಾಯಿತಲ್ಲ, ಅದು ಎಷ್ಟು ಜನಕ್ಕೆ ಸಿಗುತ್ತೆ?

ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲೇಬೇಕಾದ ಭಾಗ ಇನ್ನೊಂದಿದೆ. ಎಂಐಟಿಯ ಕಟ್ಟಡಗಳಿಗೆ ದುಡ್ಡಿಲ್ಲ ಅಂತ ಅಲ್ಲಿನ ಅಧ್ಯಕ್ಷ ರಿಚರ್ಡ್ ಮೆಕ್‌ಲಾರಿನ್ 1912ರಲ್ಲಿ ಈಸ್ಟ್‌ಮನ್ ಬಳಿಗೆ ಬಂದರು. ಆ ಕಾಲೇಜಿನಲ್ಲಿ ಓದಿದ ಇಂಜಿನಿಯರುಗಳ ಕೆಲಸವನ್ನು ಈಸ್ಟ್‌ಮನ್ ತನ್ನ ಕಾರ್ಖಾನೆಯಲ್ಲಿ ನೋಡಿದ್ದ. 25 ಲಕ್ಷ ಡಾಲರ್ ಕೊಡೋಕೆ ಒಪ್ಪಿದ. ಷರತ್ತು ಒಂದೇ, ಹೆಸರು ಹೇಳಬಾರದು. ಹಾಗಾಗಿ ಎಂಐಟಿಯ ಕಡತಗಳಲ್ಲಿ ಅವನು ಮಿಸ್ಟರ್ ಸ್ಮಿತ್. ಈ ಸ್ಮಿತ್ ಯಾರಿರಬಹುದು ಅಂತ ವಿದ್ಯಾರ್ಥಿಗಳು, ಪತ್ರಿಕೆಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1920ರಲ್ಲಿ ಗುಟ್ಟು ರಟ್ಟಾಯಿತು. ಒಟ್ಟು ಕೊಟ್ಟದ್ದು ಸುಮಾರು 2 ಕೋಟಿ ಡಾಲರ್. ಈಗ ಅಲ್ಲಿ ಅವನ ಮುಖದ ಲೋಹದ ಫಲಕ ಒಂದಿದೆ. ಪರೀಕ್ಷೆಗೆ ಮುಂಚೆ ಹುಡುಗರು ಅದರ ಮೂಗು ಉಜ್ಜಿ ಹೋಗ್ತಾರೆ, ಮೂಗು ಮಾತ್ರ ಫಳಫಳ ಹೊಳೆಯುತ್ತೆ. ನಮ್ಮಲ್ಲಾದರೆ ಕಾಲೇಜು ಗೇಟಿನ ಗಣಪತಿಗೆ ಕೈ ಮುಗಿದು ಹೋಗ್ತೀವಿ, ಹಂಗೇ.

ಕಪ್ಪು ಜನಾಂಗದ ಮಕ್ಕಳು ಓದುತ್ತಿದ್ದ ಟಸ್ಕೀಗಿ, ಹ್ಯಾಂಪ್ಟನ್ ಸಂಸ್ಥೆಗಳಿಗೂ ದೊಡ್ಡ ಮೊತ್ತ ಕೊಟ್ಟ. ರಾಚೆಸ್ಟರಿನಲ್ಲಿ ಸಂಗೀತ ಶಾಲೆ ಕಟ್ಟಿಸಿದ. ಬಡ ಮಕ್ಕಳ ಹಲ್ಲಿನ ಆಸ್ಪತ್ರೆಗಳನ್ನು ರಾಚೆಸ್ಟರಿನಲ್ಲೂ, ಲಂಡನ್, ರೋಮ್, ಪ್ಯಾರಿಸ್ ಮುಂತಾದ ಊರುಗಳಲ್ಲೂ ತೆರೆಸಿದ. ಮದುವೆ ಆಗಲಿಲ್ಲ. ಅಮ್ಮನ ಜೊತೆಗೇ ಇದ್ದ. 1907ರಲ್ಲಿ ಅಮ್ಮ ಹೋದಾಗ ಅವನಿಗೆ ಐವತ್ತೆರಡು ವರ್ಷ. ಸಂಗೀತ ಶಾಲೆಯ ಸಭಾಂಗಣಕ್ಕೆ ಕಿಲ್‌ಬೋರ್ನ್ ಹಾಲ್ ಅಂತ ಅಮ್ಮನ ತವರಿನ ಹೆಸರಿಟ್ಟ.

ಕೊನೆಯ ವರ್ಷಗಳಲ್ಲಿ ಬೆನ್ನುಹುರಿಯ ಕಾಯಿಲೆ ಬಂತು. ನಿಲ್ಲೋದು ಕಷ್ಟ, ನಡೆಯೋದು ಇನ್ನೂ ಕಷ್ಟ. ಅಮ್ಮ ಕೊನೆಯ ಎರಡು ವರ್ಷ ಗಾಲಿಕುರ್ಚಿಯಲ್ಲಿ ಕಳೆದದ್ದನ್ನು ನೋಡಿದ್ದವನು. 1932ರ ಮಾರ್ಚ್ 14ರಂದು ತನ್ನ ಜೀವ ತಾನೇ ತೆಗೆದುಕೊಂಡ. ತನ್ನ ಕೆಲಸ ಮುಗಿಯಿತು ಅನ್ನೋ ಅರ್ಥದ ಎರಡು ಸಾಲನ್ನು ಸ್ನೇಹಿತರಿಗೆ ಬರೆದಿಟ್ಟಿದ್ದ. ಎಪ್ಪತ್ತೇಳು ವರ್ಷ. ಅದನ್ನು ದೊಡ್ಡತನ ಅಂತ ಬರೆಯುವವರಿದ್ದಾರೆ, ನನಗೆ ಹಾಗೆ ಅನ್ನಿಸೋದಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಆ ನೋವನ್ನು ಹೇಳಿಕೊಳ್ಳೋಕೆ ಹತ್ತಿರದವರು ಅಂತ ಎಷ್ಟು ಜನ ಇದ್ದರೋ.

ಅವನ ಚಿತಾಭಸ್ಮವನ್ನು ಕೊಡಾಕ್ ಪಾರ್ಕ್ ಕಾರ್ಖಾನೆಯ ಆವರಣದಲ್ಲೇ ಹೂಳಿದ್ದಾರೆ. ಮನೆ 1949ರಲ್ಲಿ ಫೋಟೋಗ್ರಫಿಯ ಮ್ಯೂಸಿಯಂ ಆಗಿ ತೆರೆಯಿತು. ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಆಮೇಲೆ ಚಿಕ್ಕದಾಗಿ ಎದ್ದು ನಿಂತಿತು. 1901ರಲ್ಲಿ ಒಂದು ಬ್ರೌನಿ ಕ್ಯಾಮೆರಾಗೆ ಅಂತ ತಂದ 120 ಫಿಲ್ಮ್ ರೋಲು ಈಗಲೂ ತಯಾರಾಗುತ್ತಿದೆ.